ಚರ್ಚ್ ದುರಸ್ತಿಗೆ ಮನೆಗೆ ಮೂವತ್ತು ಸಾವಿರ: ವಂತಿಗೆ ನಿಂತದ್ದೇಕೆ, ಮುಂದೇನು ಮಾಡಬಹುದು?

ಪ್ರಶ್ನೆ: ಕೊಡಗಿನ ಸಿದ್ದಾಪುರ ಸಮೀಪದ ನಮ್ಮ ಧರ್ಮಕೇಂದ್ರದಲ್ಲಿ (ಪ್ಯಾರಿಷ್) 150 ಕುಟುಂಬಗಳಿವೆ. ಕೆಲವರು ಕಾಫಿ ಬೆಳೆಗಾರರು, ಕೆಲವರು ಪೇಟೆಯಲ್ಲಿ ವ್ಯಾಪಾರ, ಉದ್ಯೋಗದಲ್ಲಿರುವವರು, ಸುಮಾರು ಅರ್ಧದಷ್ಟು ಮಂದಿ ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರು. 2018ರ ಮಳೆಗಾಲದಿಂದ ಚರ್ಚಿನ ಹೆಂಚಿನ ಮಾಡು ಸೋರುತ್ತಿದೆ, ಹಿಂಬದಿಯ ಗೋಡೆ ಬಿರುಕು ಬಿಟ್ಟಿದೆ. ದುರಸ್ತಿಗೆ 45 ಲಕ್ಷ ರೂಪಾಯಿ ಅಂದಾಜಾಗಿದೆ. ಕಳೆದ ಜೂನ್‌ನಲ್ಲಿ ಸಭೆ ಸೇರಿ ಮನೆಗೆ 30,000 ರೂಪಾಯಿ ಎಂದು ತೀರ್ಮಾನಿಸಿದೆವು. ಆರು ತಿಂಗಳಲ್ಲಿ ಬಂದದ್ದು 7 ಲಕ್ಷ ಮಾತ್ರ. ಹಿಂದೆ ಸಭಾಂಗಣಕ್ಕೆ ಎತ್ತಿದ ಹಣದ ಲೆಕ್ಕ ಓದಿಲ್ಲ ಎಂದು ಕೆಲವರು ತಕರಾರು ಎತ್ತುತ್ತಿದ್ದಾರೆ. ವಂತಿಗೆ ಕೊಡದವರಿಗೆ ಮದುವೆಗೆ ಬೇಕಾದ ಚರ್ಚಿನ ಕಾಗದ ಕೊಡಬಾರದೆಂದು ಒಬ್ಬರು, ಲಕ್ಕಿ ಡಿಪ್ ನಡೆಸೋಣವೆಂದು ಇನ್ನೊಬ್ಬರು, ಸಾಲ ಮಾಡಿ ಕೆಲಸ ಮುಗಿಸೋಣವೆಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಒಬ್ಬ ಬೆಳೆಗಾರರು 5 ಲಕ್ಷ ಕೊಡಲು ಸಿದ್ಧರಿದ್ದಾರೆ, ಆದರೆ ಮುಖ್ಯದ್ವಾರದ ಮೇಲೆ ತಮ್ಮ ತಂದೆಯ ಹೆಸರು ಬೇಕೆನ್ನುತ್ತಾರೆ. ವಿದೇಶದಲ್ಲಿರುವ ನಮ್ಮವರಿಂದ, ಊರಿನ ಬೇರೆ ಧರ್ಮದವರಿಂದ ಹಣ ಪಡೆಯಬಹುದೇ? ಕೊಟ್ಟವರಿಗೆ ಆದಾಯ ತೆರಿಗೆಯ 80ಜಿ ರಿಯಾಯಿತಿ ಸಿಗುತ್ತದೆಯೇ? ದಯವಿಟ್ಟು ತಿಳಿಸಿ.
ಹಣಕಾಸು ಸಮಿತಿಯ ಕಾರ್ಯದರ್ಶಿ

ಉತ್ತರ: ನಿಮ್ಮ ಪ್ರಶ್ನೆಗಳು ಹಲವಾದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಜನರಿಗೆ ಕೊಡುವ ಮನಸ್ಸೇ ಇಲ್ಲವೇನೋ, ಒತ್ತಾಯ ಮಾಡದೆ ಈ ಕೆಲಸ ಆಗಲಾರದೇನೋ ಎಂಬ ಆತಂಕ ಅದು. ಲೆಕ್ಕಪರಿಶೋಧಕನಾಗಿ ಈ ಜಿಲ್ಲೆಯ ಚರ್ಚು, ದೇವಸ್ಥಾನ, ಶಾಲೆಗಳ ಕಟ್ಟಡ ಸಮಿತಿಗಳ ಪುಸ್ತಕಗಳನ್ನು ನೋಡುತ್ತ ಬಂದವನಾಗಿ ಹೇಳುತ್ತೇನೆ: ವಂತಿಗೆ ಅರ್ಧಕ್ಕೆ ನಿಂತ ಕಡೆ ಜನರ ಜಿಪುಣತನವೇ ಕಾರಣವಾಗಿದ್ದುದು ಬಹಳ ಅಪರೂಪ. ಕೇಳಿದ ಕಾಲ ಸರಿಯಿರಲಿಲ್ಲ, ಕೇಳಿದ ಮೊತ್ತ ಸರಿಯಿರಲಿಲ್ಲ, ಇಲ್ಲವೇ ಹಿಂದಿನ ಲೆಕ್ಕ ಬಾಕಿ ಇತ್ತು. ನಿಮ್ಮಲ್ಲಿ ಈ ಮೂರೂ ಒಟ್ಟಿಗೆ ಸೇರಿವೆ.

ಮೊದಲು ಕಾಲದ ಮಾತು. ಜೂನ್‌ನಲ್ಲಿ ಕೊಡಗಿನ ಯಾವ ಮನೆಯಲ್ಲೂ ಕೈಯಲ್ಲಿ ಹಣವಿರುವುದಿಲ್ಲ. ಬೆಳೆಗಾರನ ಹಣ ಗೊಬ್ಬರಕ್ಕೂ ಮರಗಸಿಗೂ (ನೆರಳು ಮರಗಳ ಕೊಂಬೆ ಕಡಿಸುವುದು) ಹೋಗಿರುತ್ತದೆ, ಮಕ್ಕಳ ಶಾಲೆಯ ಶುಲ್ಕ ಕಟ್ಟಿ ಮುಗಿದಿರುತ್ತದೆ, ಮಳೆ ಹಿಡಿದರೆ ಕಾರ್ಮಿಕರಿಗೆ ಕೆಲಸದ ದಿನಗಳೇ ಕಡಿಮೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ, ರೊಬಸ್ಟಾ ಡಿಸೆಂಬರ್ ಕೊನೆಯಿಂದ ಫೆಬ್ರವರಿ, ಮಾರ್ಚ್‌ವರೆಗೆ, ಅದರ ಬೆನ್ನಿಗೇ ಕರಿಮೆಣಸು ಎಂಬ ಕ್ರಮವಿರುವ ಈ ಜಿಲ್ಲೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕು ತಿಂಗಳೇ ಕೊಡುವ ಕಾಲ. ಮಳೆಗಾಲದಲ್ಲಿ ಕೇಳಿಸಿಕೊಂಡ ‘ಈಗ ಆಗುವುದಿಲ್ಲ’ ಎಂಬ ಮಾತನ್ನು ‘ಕೊಡುವುದಿಲ್ಲ’ ಎಂದು ನಿಮ್ಮ ಸಮಿತಿ ಬರೆದುಕೊಂಡಿರಬಹುದು ಎಂದು ನನ್ನ ಊಹೆ. ಕೊಯ್ಲು ಈಗಷ್ಟೇ ಆರಂಭವಾಗುತ್ತಿದೆ. ಹಾಗಾಗಿ ಕಳೆದುಹೋದ ಆರು ತಿಂಗಳಿಗೆ ಮರುಗಬೇಕಾಗಿಲ್ಲ.

ಎರಡನೆಯದು ಸಮಪಾಲು. ಎಲ್ಲರಿಗೂ ಒಂದೇ ಮೊತ್ತ ನಿಗದಿ ಮಾಡುವುದೇ ನ್ಯಾಯ ಎಂಬ ನಂಬಿಕೆ ನಮ್ಮಲ್ಲಿ ಬಹಳ ಬೇರೂರಿದೆ, ಸಭೆಯಲ್ಲಿ ಅದಕ್ಕೆ ಯಾರೂ ಎದುರಾಡುವುದೂ ಇಲ್ಲ. ಆದರೆ ಅದರ ಫಲ ಎರಡೂ ತುದಿಗಳಲ್ಲಿ ಕೆಟ್ಟದ್ದೇ. ದಿನಗೂಲಿಯ ಕುಟುಂಬಕ್ಕೆ 30,000 ರೂಪಾಯಿ ಎಂದರೆ ಎಷ್ಟೋ ವಾರಗಳ ದುಡಿಮೆ. ಅಷ್ಟು ಕೊಡಲಾಗದವರು 2,000 ರೂಪಾಯಿ ಹಿಡಿದು ಬರಲು ನಾಚಿ ಏನೂ ಕೊಡದೆ ಉಳಿಯುತ್ತಾರೆ, ಕ್ರಮೇಣ ಭಾನುವಾರದ ಪೂಜೆಗೂ ಬರುವುದನ್ನು ಕಡಿಮೆ ಮಾಡುತ್ತಾರೆ. ಇತ್ತ 3 ಲಕ್ಷ ಕೊಡಬಲ್ಲವರು 30,000 ಕೊಟ್ಟು, ರಸೀದಿ ಪಡೆದು, ತಮ್ಮ ಋಣ ತೀರಿತೆಂದು ನೆಮ್ಮದಿಯಾಗಿರುತ್ತಾರೆ. ಎಲ್ಲ 150 ಮನೆಗಳೂ ಪೂರ್ತಿ ಕೊಟ್ಟರಷ್ಟೇ 45 ಲಕ್ಷವಾಗುವ ಲೆಕ್ಕವದು. ಒಂದು ಮನೆ ತಪ್ಪಿದರೂ ಕೊರತೆ ಬೀಳುವ ಇಂಥ ಲೆಕ್ಕವನ್ನು ನಾನು ಯಾವ ಸಂಸ್ಥೆಗೂ ಒಪ್ಪಿಕೊಡಲಾರೆ.

ಇದರ ಬದಲು ನಿಮ್ಮ ಮೊತ್ತವನ್ನು ಹೀಗೆ ಹಂಚಿ ನೋಡಿ. 5 ಲಕ್ಷ ಕೊಡುವ ಒಂದು ಮನೆ, 3 ಲಕ್ಷದ ಮೂರು, ಒಂದೂವರೆ ಲಕ್ಷದ ಆರು: ಈ ಹತ್ತು ಮನೆಗಳಿಂದಲೇ 23 ಲಕ್ಷ. 50,000 ರೂಪಾಯಿಯ ಇಪ್ಪತ್ತು ಮನೆಗಳಿಂದ 10 ಲಕ್ಷ, 15,000 ರೂಪಾಯಿಯ ನಲವತ್ತು ಮನೆಗಳಿಂದ 6 ಲಕ್ಷ. ಉಳಿದ ಎಂಬತ್ತು ಮನೆಗಳು ತಮ್ಮ ಶಕ್ತಿಯಂತೆ ಕೊಟ್ಟು 2 ಲಕ್ಷವಾದರೆ ಒಟ್ಟು 41 ಲಕ್ಷ. ಮಿಕ್ಕ 4 ಲಕ್ಷಕ್ಕೆ ಊರು ಬಿಟ್ಟು ಬೆಂಗಳೂರು, ಮೈಸೂರಿನಲ್ಲಿ ನೆಲೆಸಿದ ನಿಮ್ಮವರು, ಹಬ್ಬದ ದಿನದ ಹರಾಜು ಮತ್ತು ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತದ) ನೆರವು. ಅಂಕಿಗಳು ನಿಮ್ಮಲ್ಲಿ ಬೇರೆಯಾಗಬಹುದು, ಆದರೆ ನಾನು ನೋಡಿದ ಯಶಸ್ವಿ ನಿಧಿ ಸಂಗ್ರಹಗಳ ಆಕಾರ ಹೆಚ್ಚುಕಡಿಮೆ ಇದೇ. ಆ ಮೊದಲ ಹತ್ತು ಮನೆಗಳಿಗೆ ಫಾದರ್ ಅವರೊಂದಿಗೆ ತಾವೇ ಈಗಾಗಲೇ ಕೊಟ್ಟಿರುವ ಒಬ್ಬ ಸದಸ್ಯರು ಹೋಗಿ, ಕುಳಿತು, ಮಾಡಿನ ಫೋಟೋ ಮತ್ತು ಅಂದಾಜುಪಟ್ಟಿ ತೋರಿಸಿ, ಇಂತಿಷ್ಟು ಎಂದು ಸ್ಪಷ್ಟವಾಗಿ ಕೇಳಬೇಕು. ಪೀಠದಿಂದ ಮಾಡಿದ ಪ್ರಕಟಣೆಗೆ ದೊಡ್ಡ ಮೊತ್ತ ಬರುವುದಿಲ್ಲ. ಈ ಭೇಟಿಗಳು ಮುಗಿದು ಅರ್ಧದಷ್ಟಾದರೂ ಒಪ್ಪಿಗೆ ಸಿಕ್ಕ ಮೇಲೆಯೇ ಉಳಿದವರ ಮುಂದೆ ಯೋಜನೆ ಇಡಿ. ಅರ್ಧ ಏರಿದ ಕೆಲಸಕ್ಕೆ ಕೈಜೋಡಿಸಲು ಎಲ್ಲರೂ ಮುಂದಾಗುತ್ತಾರೆ.

ಒಮ್ಮೆಲೇ ಕೊಡಲಾಗದವರಿಂದ ಎರಡು ಕೊಯ್ಲಿಗೆ ಹಂಚಿದ ವಾಗ್ದಾನಪತ್ರ ಪಡೆಯಿರಿ. ಕೊಡಗಿನಲ್ಲಿ ಕೆಲವರು ಹಣಕ್ಕಿಂತ ಚೀಲದ ಲೆಕ್ಕದಲ್ಲಿ ಮಾತು ಕೊಡಲು ಇಷ್ಟಪಡುತ್ತಾರೆ: ರೊಬಸ್ಟಾ ಚೆರಿ (ಒಣಗಿಸಿದ ಕಾಫಿ ಹಣ್ಣು) 50 ಕಿಲೋದ ಇಷ್ಟು ಚೀಲ, ಅಥವಾ ಕರಿಮೆಣಸು ಇಷ್ಟು ಕಿಲೋ. ಇದು ನಮ್ಮ ನೆಲಕ್ಕೆ ಒಗ್ಗುವ ಪದ್ಧತಿ, ಕೊಡುವವರಿಗೂ ಹಗುರ. ಆದರೆ ಬೆಲೆ ಇಳಿದರೆ ಆ ನಷ್ಟ ಚರ್ಚಿನದಾಗುತ್ತದೆ. ಆದ್ದರಿಂದ ಚೀಲ ಬಂದ ದಿನವೇ ತೂಕ ಹಾಕಿ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ನೋಡಿಸಿ, ಇಬ್ಬರು ಸದಸ್ಯರ ಎದುರು ಮಾರಿ, ವ್ಯಾಪಾರಿಯ ಬಿಲ್ಲಿನ ಮೊತ್ತಕ್ಕೇ ಕೊಟ್ಟವರ ಹೆಸರಿಗೆ ರಸೀದಿ ಹಾಕಿ. ಬೆಲೆ ಏರಲೆಂದು ಚೀಲಗಳನ್ನು ಸಮಿತಿ ಸದಸ್ಯರೊಬ್ಬರ ಗೋದಾಮಿನಲ್ಲಿ ಇಟ್ಟುಕೊಳ್ಳುವುದು ಬೇಡವೇ ಬೇಡ. ಮಾತು ಕೊಟ್ಟ ಎಲ್ಲ ಹಣವೂ ಕೈಗೆ ಬರುತ್ತದೆಂದು ಎಣಿಸಬೇಡಿ. ವಾಗ್ದಾನದ ಹತ್ತರಲ್ಲಿ ಒಂದು ಪಾಲನ್ನು ಬಾರದ ಹಣವೆಂದೇ ಬದಿಗಿಟ್ಟು ಲೆಕ್ಕ ಹಾಕುವುದು ಕ್ಷೇಮ.

ಇನ್ನು ಹಳೆಯ ಸಭಾಂಗಣದ ಲೆಕ್ಕ. ಇದನ್ನು ನೀವು ತಕರಾರು ಎಂದು ಕರೆದಿದ್ದೀರಿ, ನಾನು ಅದನ್ನು ನ್ಯಾಯವಾದ ಬೇಡಿಕೆ ಎನ್ನುತ್ತೇನೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯೇ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯ ನಿಯಮ, ಭಕ್ತರು ಕೊಟ್ಟ ಕಾಣಿಕೆಗೆ ಭಕ್ತರಿಗೆ ಲೆಕ್ಕ ಒಪ್ಪಿಸಬೇಕೆಂದು 1287ನೆಯದು, ಯಾವ ಉದ್ದೇಶಕ್ಕೆ ಕೊಟ್ಟರೋ ಅದಕ್ಕೇ ಬಳಸಬೇಕೆಂದು 1267ನೆಯದು. ಹಳೆಯ ಪುಸ್ತಕಗಳು ಪೂರ್ತಿ ಸಿಗದಿದ್ದರೂ ಬ್ಯಾಂಕಿನ ಸ್ಟೇಟ್‌ಮೆಂಟ್, ಗುತ್ತಿಗೆದಾರನಿಗೆ ಕೊಟ್ಟ ಚೆಕ್ಕುಗಳು, ಉಳಿದ ರಸೀದಿ ಪ್ರತಿಗಳನ್ನು ಸೇರಿಸಿ ಸಾಧ್ಯವಿರುವಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಸಿಗದ ವಿವರ ಯಾವುದೆಂಬುದನ್ನೂ ಅದರಲ್ಲೇ ನಮೂದಿಸಿ, ಪೂಜೆಯ ನಂತರ ಓದಿಬಿಡಿ. ಯಾರ ಮೇಲೂ ಆರೋಪ ಹೊರಿಸುವ ಅಗತ್ಯವಿಲ್ಲ. ಇದನ್ನು ಮಾಡದೆ ಹೊಸ ರಸೀದಿ ಪುಸ್ತಕ ಅಚ್ಚು ಹಾಕಿಸುವುದರಲ್ಲಿ ಅರ್ಥವಿಲ್ಲ.

ಹೊಸ ಲೆಕ್ಕವನ್ನು ಮೊದಲ ದಿನದಿಂದಲೇ ತೆರೆದಿಡಿ. ಭಾನುವಾರದ ಹಣವನ್ನು ಒಂದೇ ಮನೆಯವರಲ್ಲದ ಇಬ್ಬರು ಎಣಿಸಬೇಕು. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಿ ಚಲನ್ನನ್ನು ಅದೇ ಹಾಳೆಗೆ ಪಿನ್ ಮಾಡಬೇಕು. ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಇರಲಿ, ಯಾವ ಪುಸ್ತಕ ಯಾರ ಕೈಯಲ್ಲಿದೆ ಎಂಬುದಕ್ಕೆ ಒಂದು ರಿಜಿಸ್ಟರ್ ಇರಲಿ, ತಪ್ಪಾದ ರಸೀದಿಯನ್ನು ಹರಿದೆಸೆಯದೆ ಎರಡೂ ಪ್ರತಿಗಳನ್ನು ಅಡ್ಡಗೆರೆ ಎಳೆದು ಉಳಿಸಿ. ಚರ್ಚಿನ ಖಾತೆಗೆ ಕ್ಯೂಆರ್ ಕೋಡ್ ಪಡೆಯುವುದು ಈಗ ಕಷ್ಟವಲ್ಲ. ಅದು ಬರುವ ತನಕವೆಂದು ಖಜಾಂಚಿಯ ಸ್ವಂತ ಫೋನ್ ನಂಬರಿಗೆ ಹಣ ಹಾಕಿಸಿಕೊಂಡರೆ ಅದು ಅವರ ವೈಯಕ್ತಿಕ ಖಾತೆಯ ಹಣದೊಂದಿಗೆ ಬೆರೆಯುತ್ತದೆ, ನಾಳೆ ಆದಾಯ ತೆರಿಗೆಯವರ ಪ್ರಶ್ನೆಗೆ ಅವರೇ ಉತ್ತರಿಸಬೇಕಾಗುತ್ತದೆ. ಒಳ್ಳೆಯ ಮನಸ್ಸಿನ ಖಜಾಂಚಿಗಳು ಹೀಗೆ ಸಂಕಟಕ್ಕೆ ಸಿಕ್ಕಿಕೊಂಡದ್ದನ್ನು ಕಂಡಿದ್ದೇನೆ. ತಿಂಗಳಿಗೊಮ್ಮೆ ಫಲಕದಲ್ಲಿ ಬಂದ ಹಣ, ಬರಬೇಕಾದ ವಾಗ್ದಾನದ ಒಟ್ಟು ಮೊತ್ತ, ಖರ್ಚು, ಉಳಿಕೆ ಇಷ್ಟನ್ನು ಹಾಕಿ. ಕೊಟ್ಟವರ ಹೆಸರು ಹಾಕಬಹುದು, ಮೊತ್ತ ಬೇಡ. ಬಾಕಿದಾರರ ಪಟ್ಟಿಯನ್ನಂತೂ ಎಂದಿಗೂ ಹಾಕಬೇಡಿ.

ಮದುವೆಯ ಕಾಗದ ತಡೆಹಿಡಿಯುವ ಸಲಹೆಯನ್ನು ಸಮಿತಿಯ ಮುಂದೆ ಮತ್ತೆ ತರಲು ಬಿಡಬೇಡಿ. ಬಡತನದ ಕಾರಣದಿಂದ ಯಾರೂ ಸಂಸ್ಕಾರಗಳಿಂದ ವಂಚಿತರಾಗಬಾರದೆಂದು 848ನೆಯ ನಿಯಮವೂ, ಬಡವರಿಗೆ ಯೋಗ್ಯವಾದ ಅಂತ್ಯಕ್ರಿಯೆ ತಪ್ಪಬಾರದೆಂದು 1181ನೆಯ ನಿಯಮವೂ ವಿಧಿಸುತ್ತವೆ. ನಿಯಮದ ಮಾತು ಒತ್ತಟ್ಟಿಗಿರಲಿ, ಮಗಳ ಮದುವೆಯ ಹೊತ್ತಿನಲ್ಲಿ ಬಾಕಿ ಕೇಳಿಸಿಕೊಂಡ ತಂದೆ ಆ ಅವಮಾನವನ್ನು ಮರೆಯುವುದಿಲ್ಲ. ಹಾಗೆ ವಸೂಲಾದ ಹಣದಿಂದ ಹೊದಿಸಿದ ಮಾಡಿನ ಕೆಳಗೆ ಆ ಕುಟುಂಬ ಯಾವ ಮನಸ್ಸಿನಿಂದ ಕುಳಿತು ಪ್ರಾರ್ಥಿಸೀತು?

ಲಕ್ಕಿ ಡಿಪ್ ಹಬ್ಬದ ದಿನದ ಸಾಮಾನ್ಯ ಆಟವೆಂದು ಎಲ್ಲರೂ ತಿಳಿದಿದ್ದಾರೆ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧವಿದೆ, ಸರ್ಕಾರದ ಅನುಮತಿಯಿಲ್ಲದೆ ಲಾಟರಿ ನಡೆಸುವುದು ಭಾರತೀಯ ನ್ಯಾಯ ಸಂಹಿತೆಯ 297ನೆಯ ಸೆಕ್ಷನ್ ಪ್ರಕಾರ ಅಪರಾಧ. ಚಿನ್ನದ ನಾಣ್ಯ, ಸ್ಕೂಟರ್ ಬಹುಮಾನವಿಟ್ಟು ಊರೂರಿಗೆ ಟಿಕೆಟ್ ಮಾರಿದರೆ ಅದು ಲಾಟರಿಯೇ, ಉದ್ದೇಶ ಪವಿತ್ರವಾಗಿದ್ದರೂ ಕಾನೂನು ಬದಲಾಗುವುದಿಲ್ಲ. ಮೊದಲ ಫಸಲಿನ ಹರಾಜು, ಊಟದ ಕೂಪನ್, ಮಹಿಳೆಯರ ತಿಂಡಿ ಮಳಿಗೆ ಇವಕ್ಕೆ ಈ ತೊಡಕಿಲ್ಲ. ಆದರೆ ಇವುಗಳಿಂದ ಬರುವ ಹಣ ಚಿಕ್ಕದು, ದುಡಿಮೆ ದೊಡ್ಡದು. ಜನ ಸೇರುವ ಸಂತೋಷಕ್ಕಾಗಿ ಮಾಡಿ, 45 ಲಕ್ಷದ ಆಧಾರವಾಗಿ ಅಲ್ಲ.

ವಿದೇಶದ ಹಣದ ವಿಷಯದಲ್ಲಿ ತುಸು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅರಿವಿಲ್ಲದೆ ಆಗುವ ತಪ್ಪು ಇಲ್ಲಿಯೇ ಹೆಚ್ಚು. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ, 2010) ನೋಡುವುದು ಕೊಡುವವರ ಪೌರತ್ವವನ್ನು, ಅವರು ಇರುವ ಊರನ್ನಲ್ಲ. ಕುವೈತಿನಲ್ಲೋ ದುಬೈಯಲ್ಲೋ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟ್ ಇರುವ ನಿಮ್ಮವರು ತಮ್ಮ ಸ್ವಂತ ಗಳಿಕೆಯನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಅವರ ಪಾಸ್‌ಪೋರ್ಟಿನ ಪ್ರತಿಯನ್ನು ರಸೀದಿಯ ಜೊತೆ ಇಟ್ಟುಕೊಳ್ಳಿ. ಬ್ರಿಟನ್, ಕೆನಡಾಗಳ ಪೌರತ್ವ ಪಡೆದವರು ಹುಟ್ಟಿದ್ದು ನಿಮ್ಮ ಧರ್ಮಕೇಂದ್ರದಲ್ಲೇ ಆಗಿದ್ದರೂ, ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಇದ್ದರೂ ಅವರ ಹಣ ವಿದೇಶಿ ವಂತಿಗೆಯೇ. ಅದನ್ನು ಪಡೆಯಲು ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಹಣ ನವದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ತೆರೆದ ನಿಗದಿತ ಖಾತೆಗೇ ಬರಬೇಕು. ಅಂಥವರು ಇಲ್ಲಿರುವ ಅಣ್ಣನಿಗೆ ಕಳುಹಿಸಿ, ಅಣ್ಣ ಚರ್ಚಿಗೆ ಕೊಟ್ಟರಾಯಿತೆಂಬ ಸಲಹೆ ಎಲ್ಲ ಕಡೆಯೂ ಕೇಳಿಬರುತ್ತದೆ. ಹಾಗೆ ಕೈ ಬದಲಾಯಿಸಿ ಬಂದ ಹಣವನ್ನೂ ಕಾಯ್ದೆ ವಿದೇಶಿ ವಂತಿಗೆ ಎಂದೇ ಪರಿಗಣಿಸುತ್ತದೆ. ಬೇರೊಂದು ನೋಂದಾಯಿತ ಸಂಸ್ಥೆ ಪಡೆದು ನಿಮಗೆ ದಾಟಿಸುವುದಕ್ಕೂ 2020ರ ತಿದ್ದುಪಡಿಯ ನಂತರ ಅವಕಾಶವಿಲ್ಲ. ಹೋಮ್‌ಸ್ಟೇಗೆ ಬಂದ ವಿದೇಶಿ ಪ್ರವಾಸಿ ಕೊಡುವ ದೇಣಿಗೆಗೂ ಇದೇ ನಿಯಮ.

80ಜಿ ಬಗ್ಗೆ ಹೇಳಬೇಕೆಂದರೆ, ಆರಾಧನೆಗಾಗಿಯೇ ಇರುವ ಚರ್ಚಿಗೆ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಈ ರಿಯಾಯಿತಿ ಇಲ್ಲ. ಐತಿಹಾಸಿಕ ಅಥವಾ ಕಲಾತ್ಮಕ ಮಹತ್ವದ್ದೆಂದು, ಇಲ್ಲವೇ ರಾಜ್ಯಾದ್ಯಂತ ಪ್ರಸಿದ್ಧವೆಂದು ಕೇಂದ್ರ ಸರ್ಕಾರ ಅಧಿಸೂಚಿಸಿದ ದೇವಸ್ಥಾನ, ಮಸೀದಿ, ಚರ್ಚುಗಳ ದುರಸ್ತಿಗೆ ಮಾತ್ರ ಅದು ಸಿಗುತ್ತದೆ. ಕಟ್ಟಡ ಹಳೆಯದೆಂಬ ಒಂದೇ ಕಾರಣ ಸಾಲದು. ಬೇರೆ ಸೇವಾ ಸಂಸ್ಥೆಯ 80ಜಿ ರಸೀದಿ ಹರಿದು ಹಣವನ್ನು ಮಾಡಿಗೆ ಬಳಸುವುದು ಆ ಸಂಸ್ಥೆಯ ನೋಂದಣಿಗೇ ಕುತ್ತು. ವಾಸ್ತವವಾಗಿ ಚೆರಿಯಾಗಿಯೇ ಕಾಫಿ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯವಾದ್ದರಿಂದ ಅವರಿಗೆ ಈ ರಿಯಾಯಿತಿಯಿಂದ ಆಗುವ ಲಾಭ ಅಷ್ಟಕ್ಕಷ್ಟೇ. ಇಲ್ಲದ ರಿಯಾಯಿತಿಯ ಆಸೆ ತೋರಿಸದೆ ಕೇಳಿ. ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ಪಡೆಯುವಂತಿಲ್ಲ, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯಿಸುವುದರಿಂದ ಸೆಕ್ಷನ್‌ಗಳ ಸಂಖ್ಯೆ ಬದಲಾಗಿದೆ. ರಸೀದಿಯಲ್ಲಿ ಹಳೆಯ ಸಂಖ್ಯೆ ಅಚ್ಚು ಹಾಕಿಸುವ ಮುನ್ನ ಧರ್ಮಕ್ಷೇತ್ರದ ಲೆಕ್ಕಪರಿಶೋಧಕರನ್ನು ವಿಚಾರಿಸಿ.

ಬೇರೆ ಧರ್ಮದ ನೆರೆಹೊರೆಯವರು ತಾವಾಗಿ ಕೊಟ್ಟರೆ ಸಂತೋಷದಿಂದ ಸ್ವೀಕರಿಸಿ. ಟಿಪ್ಪುವಿನ ಕಾಲದಲ್ಲಿ ನೆಲೆ ತಪ್ಪಿ ಬಂದ ಕಥೋಲಿಕರಿಗೆ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟದ್ದರಿಂದಲೇ 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು ನೆಲೆಗೊಂಡಿತು. ಈ ಜಿಲ್ಲೆಯಲ್ಲಿ ಅದು ಹೊಸ ಸಂಗತಿಯಲ್ಲ. ಆದರೆ ಅವರ ಮನೆಬಾಗಿಲಿಗೆ ಪಟ್ಟಿ ಹಿಡಿದು ಹೋಗಬೇಡಿ. ಪರಿಚಯದ ದಾಕ್ಷಿಣ್ಯಕ್ಕೆ ಕೊಡಿಸಿಕೊಂಡ ಹಣ ಸಂಬಂಧವನ್ನು ಕೆಡಿಸುತ್ತದೆ.

ಐದು ಲಕ್ಷದ ಬೆಳೆಗಾರರ ಕೋರಿಕೆಯಲ್ಲಿ ಅಹಂಕಾರವೇನೂ ಇಲ್ಲ, ತಂದೆಯ ನೆನಪು ಉಳಿಯಲಿ ಎಂಬುದು ಸಹಜವಾದ ಆಸೆ. ಆದರೂ ಮುಖ್ಯದ್ವಾರದ ಮೇಲೆ ಒಂದೇ ಹೆಸರು ಬಂದರೆ ಉಳಿದವರು ಹಿಂದೆ ಸರಿಯುವ ಅಪಾಯವಿದೆ. ಷರತ್ತಿನ ಕಾಣಿಕೆಯನ್ನು ಧರ್ಮಕ್ಷೇತ್ರದ ಅನುಮತಿಯಿಲ್ಲದೆ ಸ್ವೀಕರಿಸುವಂತೆಯೂ ಇಲ್ಲ. ಒಳಗಿನ ಗೋಡೆಯಲ್ಲಿ ಕೊಟ್ಟ ಎಲ್ಲ ಕುಟುಂಬಗಳ ಹೆಸರನ್ನು ಮೊತ್ತವಿಲ್ಲದೆ ಅಕಾರಾದಿಯಾಗಿ ಕೆತ್ತಿಸುವ ಒಂದು ಶಿಲಾಫಲಕ, ಅವರ ತಂದೆಯ ಹೆಸರಿನಲ್ಲಿ ಪ್ರತ್ಯೇಕವಾಗಿ ಪೀಠದ ಬದಿಯ ಒಂದು ಕಿಟಕಿಯೋ ಬಾಗಿಲೋ: ಹೀಗೆ ಫಾದರ್ ಅವರೇ ಹೋಗಿ ಕೇಳಿದರೆ ಅವರು ಒಪ್ಪುವ ಸಂಭವವೇ ಹೆಚ್ಚು. ಒಪ್ಪಿದ್ದನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಸಾಲವನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಮುಕ್ಕಾಲು ಪಾಲು ಹಣ ಕೈಗೆ ಬಂದು, ಉಳಿದದ್ದು ಬರಹದ ವಾಗ್ದಾನದಲ್ಲಿದ್ದು, ಮಳೆಗೆ ಮೊದಲು ಕೆಲಸ ಮುಗಿಸಲೇಬೇಕಾದ ಸ್ಥಿತಿಯಲ್ಲಿ ಧರ್ಮಕ್ಷೇತ್ರದ ಒಪ್ಪಿಗೆ ಪಡೆದು ಅಲ್ಪಾವಧಿಯ ಸಾಲ ಮಾಡಬಹುದು. ಈಗ 7 ಲಕ್ಷದ ಬಲದ ಮೇಲೆ ಸಾಲ ಮಾಡಿದರೆ ಮುಂದಿನ ಸಮಿತಿಗಳು ಬಡ್ಡಿಗಾಗಿಯೇ ವಂತಿಗೆ ಎತ್ತಬೇಕಾಗುತ್ತದೆ. ಸದಸ್ಯರಿಂದ ಕೈಸಾಲ ಪಡೆಯುವ ಯೋಚನೆಯಿದ್ದರೆ, 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವುದು ನಿಷಿದ್ಧ ಎಂಬುದು ನೆನಪಿರಲಿ.

ಕೆಲಸದ ವೇಳಾಪಟ್ಟಿಯನ್ನು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು. ಗೋಡೆಯ ಬಿರುಕು ಹೆಚ್ಚುತ್ತಿದೆಯೇ, ಹಿಂಬದಿಯ ಬರೆ (ಮಣ್ಣಿನ ದಿಣ್ಣೆ) ಜರಿಯುವ ಭಯವಿದೆಯೇ ಎಂಬುದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಈಗಲೇ ನೋಡಿಸಿ. ಅಪಾಯವಿದ್ದರೆ ಕೈಯಲ್ಲಿರುವ ಹಣವನ್ನು ಮೊದಲು ಅಲ್ಲಿಗೇ ಬಳಸಿ, ಹಣ ಕೊಟ್ಟದ್ದು ದುರಸ್ತಿಗೇ ಆದ್ದರಿಂದ ಉದ್ದೇಶ ತಪ್ಪುವುದಿಲ್ಲ. ಮಾಡಿಗೆ ಈ ವರ್ಷ ಒಡೆದ ಹೆಂಚು, ಗೆದ್ದಲು ಹಿಡಿದ ರೀಪುಗಳನ್ನಷ್ಟೇ ಬದಲಿಸಿ ಒಂದು ಮಳೆಗಾಲ ದಾಟಿಸಿ. ಜನವರಿಯಿಂದ ಏಪ್ರಿಲ್‌ವರೆಗೆ ನಿಧಿ ಸಂಗ್ರಹ, ಮಳೆಗಾಲದಲ್ಲಿ ಧರ್ಮಕ್ಷೇತ್ರದ ಅನುಮತಿ ಮತ್ತು ಕೊಟೇಶನ್‌ಗಳು, ಮುಂದಿನ ಡಿಸೆಂಬರ್‌ನಲ್ಲಿ ಮಾಡು ಬಿಚ್ಚುವುದು, ಮೇ ಮುಗಿಯುವುದರೊಳಗೆ ಹೊದಿಸುವುದು. ಹಳೆಯ ಮಾಡನ್ನು ಬಿಚ್ಚಿದ ಮೇಲೆಯೇ ಮರಮಟ್ಟಿನ ನಿಜಸ್ಥಿತಿ ತಿಳಿಯುವುದರಿಂದ ಅಂದಾಜಿನ ಮೇಲೆ ಶೇಕಡ 10ರಿಂದ 15 ಹೆಚ್ಚುವರಿ ಇಟ್ಟುಕೊಳ್ಳಬೇಕು. ಕೊಟೇಶನ್‌ನಲ್ಲಿ ಜಿಎಸ್‌ಟಿ ಸೇರಿದೆಯೇ ಎಂದು ಬರಹದಲ್ಲಿ ಕೇಳಿ, ಗುತ್ತಿಗೆದಾರನಿಗೆ ಹಣ ಕೊಡುವಾಗ ಟಿಡಿಎಸ್ (ಮೂಲದಲ್ಲೇ ಕಡಿತಗೊಳಿಸುವ ತೆರಿಗೆ) ಮುರಿಯುವುದನ್ನು ಮರೆಯಬೇಡಿ.

ಈಗಾಗಲೇ ಬಂದಿರುವ 7 ಲಕ್ಷವನ್ನು ಕೊಟ್ಟವರಿಗೆ ಮೊದಲು ಒಂದು ಪತ್ರ ಹೋಗಬೇಕು. ಮನೆಗೆ 30,000 ಎಂಬ ನಿರ್ಣಯವನ್ನು ಕೈಬಿಡಲಾಗಿದೆ, ನೀವು ಕೊಟ್ಟ ಮೊತ್ತ ಹೊಸ ಯೋಜನೆಯಲ್ಲಿ ನಿಮ್ಮ ಹೆಸರಿನಲ್ಲೇ ಜಮೆಯಾಗಿದೆ, ಇನ್ನು ಕೊಡುವುದು ಬಿಡುವುದು ನಿಮ್ಮ ಇಚ್ಛೆ ಎಂದು ಅದರಲ್ಲಿರಲಿ. ಕಷ್ಟಪಟ್ಟು, ಬಹುಶಃ ಸಾಲ ಮಾಡಿ ಪೂರ್ತಿ ಕೊಟ್ಟ ಕಾರ್ಮಿಕ ಕುಟುಂಬಗಳೂ ಅವರಲ್ಲಿರಬಹುದು. ಅಂಥವರನ್ನು ಫಾದರ್ ಅವರು ಖುದ್ದಾಗಿ ಕಂಡು, ಬೇಕಾದರೆ ಒಂದು ಭಾಗವನ್ನು ಹಿಂದಿರುಗಿಸುವುದಾಗಿ ಹೇಳಲಿ. ಇದಕ್ಕೆ ಸಮಿತಿಯ ನಿರ್ಣಯವನ್ನು ಮುಂಚೆಯೇ ಮಾಡಿಕೊಂಡು, ಹಿಂದಿರುಗಿಸಿದ್ದಕ್ಕೂ ವೋಚರ್‌ಗೆ ಸಹಿ ಪಡೆಯಿರಿ.